ತಮ್ಮನಿಗೆ ಕೊಟ್ಟ ಮಾತು, ಮಗನಿಗೆ ಕೊಟ್ಟ ಪಟ್ಟ: ಶೋಗನ್ ಯೋಶಿಮಾಸ ಮತ್ತು ಓನಿನ್ ಯುದ್ಧ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಓದ್ಕೊಂಡು ಹೋಗ್ತೀವಿ ಅನ್ನೋರಿಗೆ ಈ ವಾರದ ಮಾತಿನ ಬರಹರೂಪ ಇಲ್ಲಿದೆ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯಗಳನ್ನೂ ಸೇರಿಸಿದ್ದೀನಿ.

ಇವತ್ತಿನದು ಒಂದು ರೀತಿಯಲ್ಲಿ ತಿದ್ದುಪಡಿ. ಹಿಂದೊಮ್ಮೆ ಕ್ಯೋಟೊದ ಗಿಂಕಾಕುಜಿ ಬಗ್ಗೆ ಮಾತಾಡುವಾಗ, ಅದನ್ನ ಕಟ್ಟಿಸಿದ ಶೋಗನ್ ಬಗ್ಗೆ ಹೀಗೆ ಹೇಳಿ ಮುಂದೆ ಹೋಗಿದ್ದೆ: "ತಮ್ಮನಿಗೆ ಅಧಿಕಾರ ಕೊಡ್ತೀನಿ ಅಂದಿದ್ದ. ಆಮೇಲೆ ಹೆಂಡತಿ ಮಾತು ಕೇಳಿ ಮಗನಿಗೆ ಕೊಟ್ಟ. ಹತ್ತು ವರ್ಷ ಯುದ್ಧ ಆಯ್ತು." ಹೇಳೋಕೆ ಸಲೀಸಾಗಿತ್ತು. ಕೈಕೇಯಿ ಕಥೆ ಕೇಳಿ ಬೆಳೆದ ನಮಗೆ ತಕ್ಷಣ ತಲೆಗೂ ಹೋಗುತ್ತೆ. ಆದ್ರೆ ಆಮೇಲೆ ಇಸವಿಗಳನ್ನ ಒಂದರ ಪಕ್ಕ ಒಂದು ಇಟ್ಟು ನೋಡಿದಾಗ ನನ್ನ ಮಾತು ನಿಲ್ಲಲಿಲ್ಲ. ಜಗಳ ನಡೆದದ್ದು ನಿಜ, ಯುದ್ಧ ಆಗಿದ್ದೂ ನಿಜ. ಆದ್ರೆ ಒಂದರಿಂದ ಇನ್ನೊಂದು ಹುಟ್ಟಿದ್ದು ನಾನು ಹೇಳಿದ ಹಾಗಲ್ಲ. ತಪ್ಪು ಹೇಳಿದ ಮೇಲೆ ಸರಿ ಮಾಡೋದು ನನ್ನ ಕೆಲಸ. ಬನ್ನಿ, ಮೊದಲಿನಿಂದ ನೋಡೋಣ.

ಯಾರು ಯಾರು

ಜಪಾನಿನಲ್ಲಿ ಚಕ್ರವರ್ತಿ ಇದ್ದ, ಆದ್ರೆ ಆಡಳಿತ ನಡೆಸುತ್ತಿದ್ದದ್ದು ಶೋಗನ್. ಶೋಗನ್ ಅಂದ್ರೆ ಸೇನಾಧಿಪತಿ. 1338ರಿಂದ ಈ ಪದವಿ ಅಶಿಕಾಗಾ ಮನೆತನದ ಕೈಲಿತ್ತು. ನಮ್ಮ ಕಥಾನಾಯಕ ಎಂಟನೇ ಶೋಗನ್, ಅಶಿಕಾಗಾ ಯೋಶಿಮಾಸ. ಹುಟ್ಟಿದ್ದು 1436ರಲ್ಲಿ. ಕಾಲ ಅಂದಾಜಿಗೆ ಬರಲಿ ಅಂತ ಹೇಳ್ತೀನಿ: ವಿಜಯನಗರದಲ್ಲಿ ಆಗ ಎರಡನೇ ದೇವರಾಯನ ಆಳ್ವಿಕೆ.

ಈ ಕಥೆಯಲ್ಲಿ ಎಲ್ಲರ ಹೆಸರೂ 'ಯೋಶಿ' ಅಂತ ಶುರುವಾಗುತ್ತೆ. ಅದು ಮನೆತನದಲ್ಲಿ ಬಳಸೋ ಅಕ್ಷರ. ಗೊಂದಲ ಆಗಬಾರದು ಅಂದ್ರೆ ಮೂರನ್ನ ನೆನಪಿಟ್ಕೊಳ್ಳಿ. ಅಣ್ಣ ಯೋಶಿಮಾಸ, ಅವನೇ ಶೋಗನ್. ತಮ್ಮ ಯೋಶಿಮಿ. ಮಗ ಯೋಶಿಹಿಸ. ಇವರ ಜೊತೆ ಯೋಶಿಮಾಸನ ಹೆಂಡತಿ, ಅಂದ್ರೆ ಯೋಶಿಮಿಗೆ ಅತ್ತಿಗೆ, ಹಿನೋ ತೊಮಿಕೊ.

ಇನ್ನಿಬ್ಬರು ದೊಡ್ಡ ಸರದಾರರು: ಹೊಸೊಕಾವಾ ಕಾತ್ಸುಮೊತೊ ಮತ್ತು ಯಾಮಾನಾ ಸೋಝೆನ್. ಇವರಿಬ್ಬರು ಅಳಿಯ-ಮಾವ. ಸೋಝೆನ್‌ನ ಸಾಕುಮಗಳನ್ನ ಕಾತ್ಸುಮೊತೊ ಮದುವೆ ಆಗಿದ್ದ. ವಯಸ್ಸಿನಲ್ಲಿ 26 ವರ್ಷ ಅಂತರ. ಮುಂದೆ ಕ್ಯೋಟೊ ಸುಟ್ಟುಹೋಗಿದ್ದು ಈ ಅಳಿಯ-ಮಾವನ ಹೊಡೆದಾಟದಲ್ಲಿ.

ಶೋಗನ್ ಕೈಯಲ್ಲಿ ನಿಜವಾಗಿ ಏನಿತ್ತು

ಶೋಗನ್ ಅಂದ ತಕ್ಷಣ ಕತ್ತಿ ಹಿಡಿದ ಸರ್ವಾಧಿಕಾರಿಯನ್ನ ಕಲ್ಪನೆ ಮಾಡ್ಕೋಬೇಡಿ. ಅಶಿಕಾಗಾ ಶೋಗನ್‌ಗಳಿಗೆ ಸ್ವಂತ ದೊಡ್ಡ ಸೈನ್ಯ ಇರಲಿಲ್ಲ. ಸ್ವಂತ ಭೂಮಿಯೂ ಅಷ್ಟಕ್ಕಷ್ಟೇ. ಆದಾಯದ ದೊಡ್ಡ ಪಾಲು ಬರ್ತಿದ್ದದ್ದು ಕ್ಯೋಟೊದ ಬಡ್ಡಿ ವ್ಯಾಪಾರಿಗಳು ಮತ್ತು ಸಾಕೆ ಅನ್ನೋ ಅಕ್ಕಿ ಮದ್ಯ ತಯಾರಿಸೋರ ಮೇಲಿನ ತೆರಿಗೆಯಿಂದ. ದೇಶದ ಉದ್ದಗಲಕ್ಕೂ ಸೈನ್ಯ, ಜಮೀನು ಎಲ್ಲ ಇದ್ದದ್ದು 'ಶುಗೋ' ಅನ್ನೋ ಪ್ರಾಂತ್ಯಾಧಿಪತಿಗಳ ಕೈಲಿ. ಅವರಲ್ಲಿ ಮೂರು ಮನೆತನಗಳು ಎಲ್ಲರಿಗಿಂತ ಮೇಲೆ: ಹೊಸೊಕಾವಾ, ಹತಾಕೆಯಾಮಾ, ಶಿಬಾ. ಶೋಗನ್‌ನ ಮುಖ್ಯಮಂತ್ರಿ, ನಮ್ಮ ಮೈಸೂರಿನ ದಿವಾನರ ಥರದ 'ಕಾನ್ರೇಯಿ' ಹುದ್ದೆ ಈ ಮೂರು ಮನೆಗಳಿಗೆ ಮಾತ್ರ ಸಿಗ್ತಿತ್ತು.

ಹಾಗಾದ್ರೆ ಶೋಗನ್ ಮಾತಿಗೆ ಬೆಲೆ ಯಾಕೆ? ಯಾಕಂದ್ರೆ ಈ ದೊಡ್ಡ ಮನೆಗಳಲ್ಲಿ ಯಜಮಾನ ಸತ್ತಾಗ ಮುಂದಿನ ಯಜಮಾನ ಯಾರು ಅಂತ ಮುದ್ರೆ ಒತ್ತೋದು ಶೋಗನ್. ಈ ಮುದ್ರೆ ಆಗ ಯಾವತ್ತಿಗಿಂತ ಮುಖ್ಯ ಆಗಿತ್ತು. ಅದಕ್ಕೂ ಕಾರಣ ಇದೆ. ಹಿಂದಿನ ಶತಮಾನಗಳಲ್ಲಿ ಸಮುರಾಯ್ ಮನೆಗಳಲ್ಲಿ ಆಸ್ತಿಯನ್ನ ಮಕ್ಕಳಿಗೆ ಹಂಚ್ತಿದ್ರು. ಹಂಚಿ ಹಂಚಿ ಜಮೀನು ಚೂರಾಯ್ತು, ಮನೆತನಗಳ ಬಲ ಕುಗ್ಗಿತು. ಹಾಗಾಗಿ ಹದಿನಾಲ್ಕನೇ ಶತಮಾನದ ಹೊತ್ತಿಗೆ ಎಲ್ಲವೂ ಒಬ್ಬನಿಗೇ ಅನ್ನೋ ಪದ್ಧತಿ ಬೇರೂರಿತು. ಮನೆ ಒಡೆಯೋದು ನಿಂತಿತು ನಿಜ. ಆದ್ರೆ ಈಗ ಒಬ್ಬನಿಗೆ ಎಲ್ಲ, ಉಳಿದವರಿಗೆ ಏನೂ ಇಲ್ಲ. ಹಿರಿಮಗನಿಗೇ ಅಂತ ಕಟ್ಟುನಿಟ್ಟಿನ ನಿಯಮವೂ ಇಲ್ಲ. ಅಪ್ಪನ ಇಷ್ಟ ಬೇಕು, ಮನೆಯ ಹಿರಿಯ ಸೇವಕರ ಒಪ್ಪಿಗೆ ಬೇಕು, ಕೊನೆಗೆ ಶೋಗನ್ ಮುದ್ರೆ ಬೇಕು. ಈ ಮೂರೂ ಒಂದೇ ಹೆಸರಿಗೆ ಬಂದ್ರೆ ಸರಿ. ಬೇರೆ ಬೇರೆ ಹೆಸರಿಗೆ ಬಂದ್ರೆ ಕತ್ತಿ ಹೊರಗೆ ಬರೋದು ಗ್ಯಾರಂಟಿ.

ಅಂದ್ರೆ ಶೋಗನ್‌ನ ನಿಜವಾದ ಬಂಡವಾಳ ಸೈನ್ಯ ಅಲ್ಲ, ತೀರ್ಪು. ಒಮ್ಮೆ ಹೇಳಿದ್ರೆ ಅದೇ ಕೊನೆ ಅನ್ನೋ ನಂಬಿಕೆ. ಇದನ್ನ ಮನಸ್ಸಲ್ಲಿ ಇಟ್ಕೊಳ್ಳಿ, ಇಡೀ ಕಥೆ ಇದರ ಮೇಲೇ ನಿಂತಿದೆ.

ಮಠದಿಂದ ಬಂದ ತಮ್ಮ

ಯೋಶಿಮಾಸನ ಅಪ್ಪ ಯೋಶಿನೊರಿ ಆರನೇ ಶೋಗನ್. ಅವನು ಪದವಿಗೆ ಬಂದದ್ದೇ ವಿಚಿತ್ರ. 1428ರಲ್ಲಿ ಉತ್ತರಾಧಿಕಾರಿ ಗೊತ್ತಾಗದೇ ಇದ್ದಾಗ, ಸನ್ಯಾಸಿಗಳಾಗಿದ್ದ ನಾಲ್ಕು ಜನ ಸಹೋದರರ ಹೆಸರಲ್ಲಿ ಇವಾಶಿಮಿಜು ಹಾಚಿಮಾನ್ ದೇಗುಲದಲ್ಲಿ ಚೀಟಿ ಎತ್ತಿದರು. ಚೀಟಿಯಲ್ಲಿ ಇವನ ಹೆಸರು ಬಂತು, ಮಠ ಬಿಟ್ಟು ಬಂದು ಶೋಗನ್ ಆದ. ಆದಮೇಲೆ ಎಂಥಾ ಕಠಿಣ ಮನುಷ್ಯ ಅಂದ್ರೆ ಸರದಾರರೆಲ್ಲ ನಡುಗ್ತಿದ್ರು. 1441ರಲ್ಲಿ ಅಕಾಮಾತ್ಸು ಮಿತ್ಸುಸುಕೆ ಅನ್ನೋ ಸರದಾರ ಅವನನ್ನ ತನ್ನ ಮನೆಗೆ ಔತಣಕ್ಕೆ ಕರೆದು, ನಾಟಕ ನಡೀತಿರುವಾಗಲೇ ಕೊಲ್ಲಿಸಿದ.

ಯೋಶಿಮಾಸನ ಅಣ್ಣ ಪಟ್ಟಕ್ಕೆ ಬಂದು ಒಂದು ವರ್ಷ ಆಗೋದ್ರೊಳಗೆ ತೀರಿಕೊಂಡ. ಹಾಗಾಗಿ 1443ರಲ್ಲಿ ಏಳು ವರ್ಷದ ಯೋಶಿಮಾಸನ ಸರದಿ ಬಂತು. ವಿಧಿವತ್ತಾಗಿ ಶೋಗನ್ ಆಗಿದ್ದು 1449ರಲ್ಲಿ. ಅಪ್ಪ ಗಟ್ಟಿಯಾಗಿ ಆಳಿ ಕೊಲೆಯಾದ, ಅಣ್ಣ ಮಗುವಾಗಿದ್ದಾಗಲೇ ಹೋದ. ಅರಮನೆಯಲ್ಲಿ ಸುತ್ತಮುತ್ತ ಇದ್ದವರು ಹೇಳಿದ್ದಕ್ಕೆ ತಲೆಯಾಡಿಸುತ್ತಾ ಬೆಳೆದ ಹುಡುಗ ಇವನು.

1455ರಲ್ಲಿ ತೊಮಿಕೊ ಜೊತೆ ಮದುವೆ. 1459ರಲ್ಲಿ ಹುಟ್ಟಿದ ಮಗು ಅದೇ ದಿನ ತೀರಿಕೊಂಡಿತು. ಆಮೇಲೂ ಗಂಡುಮಗು ಆಗಲಿಲ್ಲ. ಅಷ್ಟರಲ್ಲಿ ಯೋಶಿಮಾಸನಿಗೆ ಆಡಳಿತ ಸಾಕಾಗಿತ್ತು. ತೋಟ, ಚಿತ್ರ, ನಾಟಕ, ಕಾವ್ಯ ಇವುಗಳ ಮೇಲೆ ಪ್ರಾಣ. 1464ರಲ್ಲಿ, ಇನ್ನೂ 28ನೇ ವಯಸ್ಸಿಗೆ, ನಿವೃತ್ತಿಯ ಯೋಚನೆ ಮಾಡಿ ತಮ್ಮನನ್ನ ಕರೆದ.

ತಮ್ಮ ಎಲ್ಲಿದ್ದ? ಕ್ಯೋಟೊದ ಪೂರ್ವದ ಬೆಟ್ಟದ ಬುಡದಲ್ಲಿ ಜೋದೋಜಿ ಅನ್ನೋ ಮಠದಲ್ಲಿ ಸನ್ಯಾಸಿಯಾಗಿದ್ದ. ಅಶಿಕಾಗಾ ಮನೆಯಲ್ಲಿ ಉತ್ತರಾಧಿಕಾರಿ ಅಲ್ಲದ ಗಂಡುಮಕ್ಕಳನ್ನ ಮಠಕ್ಕೆ ಕಳಿಸೋದು ವಾಡಿಕೆ. ನಮ್ಮ ಭಾಷೆಯಲ್ಲಿ ಹೇಳ್ಬೇಕಂದ್ರೆ ಕೋಲ್ಡ್ ಸ್ಟ್ಯಾಂಡ್‌ಬೈ. ಸಾಮಾನ್ಯವಾಗಿ ಆಫ್ ಆಗಿರುತ್ತೆ, ಬೇಕಾದಾಗ ಮಾತ್ರ ಆನ್ ಮಾಡೋದು. ತಮ್ಮನಿಗೆ ಬರೋಕೆ ಮನಸ್ಸಿರಲಿಲ್ಲ. "ಮುಂದೆ ನಿನಗೆ ಮಗ ಹುಟ್ಟಿದ್ರೆ ನನ್ನ ಗತಿ ಏನು?" ಅನ್ನೋದು ಅವನ ಅಳುಕು. ಆಮೇಲೆ ಬರೆದ 'ಓನಿನ್‌ಕಿ' ಅನ್ನೋ ಯುದ್ಧಕಥನದ ಪ್ರಕಾರ, ಗಂಡುಮಗು ಹುಟ್ಟಿದ್ರೂ ಬಟ್ಟೆಯಲ್ಲಿ ಸುತ್ತಿರುವಾಗಲೇ ಅದನ್ನ ಮಠಕ್ಕೆ ಕಳಿಸ್ತೀನಿ ಅಂತ ಅಣ್ಣ ಮಾತು ಕೊಟ್ಟ. ತಮ್ಮ ಕಾವಿ ಬಿಟ್ಟು ಯೋಶಿಮಿ ಆದ. ಬೆಂಬಲಕ್ಕೆ ಹೊಸೊಕಾವಾ ಕಾತ್ಸುಮೊತೊ ನಿಂತ.

ಒಂದೇ ವರ್ಷ. 1465ರ ಕೊನೆಯಲ್ಲಿ ತೊಮಿಕೊಗೆ ಗಂಡುಮಗು ಹುಟ್ಟಿತು, ಯೋಶಿಹಿಸ.

ಇಲ್ಲಿಂದ ಮುಂದೆ ಹಳೇ ಕಥೆ ಹೀಗಿದೆ: ತೊಮಿಕೊ ತನ್ನ ಮಗನಿಗೇ ಪಟ್ಟ ಬೇಕು ಅಂತ ಯಾಮಾನಾ ಸೋಝೆನ್‌ಗೆ ಗುಟ್ಟಾಗಿ ಪತ್ರ ಬರೆದಳು. ತಮ್ಮನ ಕಡೆ ಕಾತ್ಸುಮೊತೊ, ಮಗನ ಕಡೆ ಸೋಝೆನ್. ಎರಡು ಪಕ್ಷ, ಯುದ್ಧ. ನಾನು ಅವತ್ತು ಹೇಳಿದ್ದೂ ಇದನ್ನೇ.

ಬೇರೆಯವರ ಮನೆ ಜಗಳದಲ್ಲಿ ಶೋಗನ್ ಮುದ್ರೆ

ಆದ್ರೆ ಇದಕ್ಕೆ ಹತ್ತು ವರ್ಷ ಮೊದಲೇ ಬೆಂಕಿ ಬೇರೆ ಕಡೆ ಹೊತ್ತಿತ್ತು. ಹತಾಕೆಯಾಮಾ ಮನೆಯನ್ನ ನೋಡಿ. ಯಜಮಾನ ಮೋಚಿಕುನಿಗೆ ಹೆಂಡತಿಯಿಂದ ಗಂಡುಮಗ ಇರಲಿಲ್ಲ, ತಮ್ಮನೇ ಉತ್ತರಾಧಿಕಾರಿ ಅಂತ ತೀರ್ಮಾನ ಆಗಿತ್ತು. 1448ರಲ್ಲಿ ಮನಸ್ಸು ಬದಲಾಯಿಸಿ ಇನ್ನೊಬ್ಬಳಲ್ಲಿ ಹುಟ್ಟಿದ ಮಗ ಯೋಶಿನಾರಿಯನ್ನ ಮುಂದೆ ತಂದ. ಮನೆಯ ಹಿರಿಯ ಸೇವಕರಲ್ಲಿ ಅರ್ಧ ಜನ ಒಪ್ಪಲಿಲ್ಲ, ತಮ್ಮನ ಮಕ್ಕಳ ಪಕ್ಷ ಹಿಡಿದರು. ಗಮನಿಸಿದ್ರಾ? ತಮ್ಮನಿಗೆ ಮಾತು, ಆಮೇಲೆ ಮಗ. ಶೋಗನ್ ಮನೆಯಲ್ಲಿ ಮುಂದೆ ಆಗೋದು ಇಲ್ಲಿ ಆಗಲೇ ಒಂದು ಸಲ ಆಗಿಹೋಗಿತ್ತು.

ಈಗ ಶೋಗನ್ ತೀರ್ಪು ಬೇಕು. ಯೋಶಿಮಾಸ ಏನು ಮಾಡಿದ? 1454ರಲ್ಲಿ ಮೊದಲು ಮಗ ಯೋಶಿನಾರಿಯೇ ಸರಿ ಅಂದ. ಎದುರು ಪಕ್ಷ ಸೈನ್ಯ ಸಮೇತ ಬಂದಾಗ ತಮ್ಮನ ಮಗನೇ ಸರಿ ಅಂದ. ಅದೇ ವರ್ಷ ಮುಗಿಯೋದ್ರೊಳಗೆ ಯೋಶಿನಾರಿ ವಾಪಸ್ ಬಂದಾಗ ಮತ್ತೆ ಅವನೇ ಸರಿ ಅಂದ. 1460ರಲ್ಲಿ ಯೋಶಿನಾರಿಯನ್ನ ಇಳಿಸಿ, ತಮ್ಮನ ಇನ್ನೊಬ್ಬ ಮಗ ಮಾಸಾನಾಗಾನಿಗೆ ಕೊಟ್ಟ. ಆ ಮಾಸಾನಾಗಾ 1464ರಲ್ಲಿ ಕಾನ್ರೇಯಿಯೂ ಆದ.

ಶಿಬಾ ಮನೆಯಲ್ಲೂ ಇದೇ ಕಥೆ. ಅಲ್ಲಿ ಯಜಮಾನ 1452ರಲ್ಲಿ ಮಕ್ಕಳಿಲ್ಲದೇ ತೀರಿಕೊಂಡ. ದತ್ತು ಬಂದ ಯೋಶಿತೊಶಿಯನ್ನ ಯೋಶಿಮಾಸ 1459ರಲ್ಲಿ ಇಳಿಸಿ ಅವನ ಪುಟ್ಟ ಮಗನನ್ನ ಕೂರಿಸಿದ. 1461ರಲ್ಲಿ ಆ ಮಗುವನ್ನೂ ತೆಗೆದು ಯೋಶಿಕಾದೊ ಅನ್ನೋನಿಗೆ ಕೊಟ್ಟ. 1466ರಲ್ಲಿ ಮತ್ತೆ ಯೋಶಿತೊಶಿಗೆ. ಕೆಲವೇ ತಿಂಗಳಲ್ಲಿ ಮತ್ತೆ ಯೋಶಿಕಾದೊಗೆ.

ಓದೋಕೆ ಬೇಜಾರಾಯ್ತಲ್ವಾ? ಯಾರನ್ನ ಇಳಿಸಿದ, ಯಾರನ್ನ ಹತ್ತಿಸಿದ ಅಂತ ಲೆಕ್ಕ ತಪ್ಪುತ್ತೆ. ಅದನ್ನ ಅನುಭವಿಸಿದ ಸಾವಿರಾರು ಸೈನಿಕರನ್ನ ಯೋಚನೆ ಮಾಡಿ. ಪ್ರತಿ ಸಲ ಮುದ್ರೆ ಬದಲಾದಾಗ ನಿನ್ನೆ ತನಕ ಯಜಮಾನನ ಕಡೆ ಇದ್ದವನು ಇವತ್ತು ದಂಗೆಕೋರ. ಸೋತವನಿಗೂ ಒಂದು ಪಾಠ ಗೊತ್ತಾಗ್ತಿತ್ತು: ತೀರ್ಪು ಒಪ್ಕೊಂಡು ಮನೆಗೆ ಹೋಗೋದು ದಡ್ಡತನ. ಸೈನ್ಯ ಇಟ್ಕೊಂಡು ಕಾದ್ರೆ, ಸರಿಯಾದ ಜನರನ್ನ ಹಿಡಿದ್ರೆ, ತೀರ್ಪು ತಿರುಗುತ್ತೆ. ಒಬ್ಬ ಮ್ಯಾನೇಜರ್ ಕೊನೆಗೆ ಯಾರು ಮಾತಾಡಿದ್ರೋ ಅವರ ಮಾತನ್ನೇ ಕೇಳ್ತಾನೆ ಅಂತ ಟೀಮಿಗೆ ಗೊತ್ತಾದ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಎಲ್ಲರೂ ಕೊನೆಗೆ ಮಾತಾಡೋಕೆ ಕಾಯ್ತಾರೆ.

ಇದರ ನಡುವೆ ದೊಡ್ಡ ಬರ. 1460-61ರಲ್ಲಿ ಬೆಳೆ ಹೋಗಿ ಹಳ್ಳಿಗಳ ಜನ ಕ್ಯೋಟೊಗೆ ಬಂದು ಬೀದಿಗಳಲ್ಲಿ ಬಿದ್ದು ಸತ್ತರು. ಆಗಿನ ಒಬ್ಬ ಭಿಕ್ಷುವಿನ ದಿನಚರಿಯಲ್ಲಿ ಹೀಗಿದೆ: ಒಬ್ಬ ಸನ್ಯಾಸಿ 84,000 ಪುಟ್ಟ ಮರದ ಸ್ತೂಪಗಳನ್ನ ಮಾಡಿ ಹೆಣಕ್ಕೊಂದರಂತೆ ಇಡುತ್ತಾ ಹೋದ. ಕೊನೆಗೆ 2,000 ಉಳಿದವು. ಅಂದ್ರೆ ಎರಡು ತಿಂಗಳಲ್ಲಿ ಸತ್ತವರು 82,000. ಆ ಹೊತ್ತಿನಲ್ಲಿ ಶೋಗನ್ ತನ್ನ ಅರಮನೆ, ತೋಟ ಹೊಸದು ಮಾಡಿಸ್ತಿದ್ದ. ಚಕ್ರವರ್ತಿ ಗೋಹಾನಾಝೋನೊ ನೋಡೋಕಾಗದೆ ಒಂದು ಪದ್ಯ ಬರೆದು ಕಳಿಸಿ ಚುಚ್ಚಬೇಕಾಯ್ತು.

ಇಸವಿಗಳು ಹೇಳೋ ಸಾಕ್ಷಿ

ಈಗ ಹಳೇ ಕಥೆ ಎಲ್ಲಿ ಮುರಿಯುತ್ತೆ ನೋಡಿ. ಮಗ ಹುಟ್ಟಿದ ಮರುವರ್ಷ, 1466ರಲ್ಲಿ, ಮಗುವನ್ನ ಸಾಕ್ತಿದ್ದ ಇಸೆ ಸಾದಾಚಿಕಾ ಅನ್ನೋ ಅರಮನೆಯ ಅಧಿಕಾರಿ ಯೋಶಿಮಾಸನ ಕಿವಿ ಊದಿದ: "ನಿಮ್ಮ ತಮ್ಮ ದಂಗೆ ಏಳ್ತಾನೆ, ಮುಗಿಸಿಬಿಡಿ." ತಮ್ಮ ಓಡಿಹೋಗಿ ಕಾತ್ಸುಮೊತೊ ಮನೆ ಸೇರಿದ. ಆಗ ತಮ್ಮನ ಪರವಾಗಿ ನಿಂತು ಸಾದಾಚಿಕಾನನ್ನ ಕ್ಯೋಟೊದಿಂದ ಓಡಿಸಿದ್ದು ಯಾರು? ಕಾತ್ಸುಮೊತೊ ಮತ್ತು ಸೋಝೆನ್, ಇಬ್ಬರೂ ಸೇರಿ. ಅಂದ್ರೆ 'ತೊಮಿಕೊ ಕಡೆಯವನು' ಅಂತ ನಾವು ಹೇಳೋ ಸೋಝೆನ್, ಯುದ್ಧಕ್ಕೆ ಒಂದು ವರ್ಷ ಕೂಡ ಇಲ್ಲದಿರುವಾಗ ತಮ್ಮನನ್ನ ಉಳಿಸಿದ.

ಹಾಗಾದ್ರೆ ಅಳಿಯ-ಮಾವ ಯಾಕೆ ಹೊಡೆದಾಡಿದ್ರು? ಅವರ ನಡುವೆ ಜಗಳಕ್ಕೆ ಬೇರೆ ಕಾರಣಗಳಿದ್ದವು. ಶೋಗನ್‌ನನ್ನ ಕೊಂದ ಅಕಾಮಾತ್ಸು ಮನೆತನವನ್ನ 1441ರಲ್ಲಿ ನಾಶ ಮಾಡಿದ್ದು ಸೋಝೆನ್, ಅವರ ಪ್ರಾಂತ್ಯಗಳು ಸಿಕ್ಕಿದ್ದೂ ಅವನ ಮನೆಗೇ. 1458ರಲ್ಲಿ ಆ ಅಕಾಮಾತ್ಸು ಮನೆತನವನ್ನ ಮತ್ತೆ ಎಬ್ಬಿಸಿ ನಿಲ್ಲಿಸೋಕೆ ಬೆಂಬಲ ಕೊಟ್ಟಿದ್ದು ಅಳಿಯ ಕಾತ್ಸುಮೊತೊ. ಅದಲ್ಲದೆ ಕಾತ್ಸುಮೊತೊ ಮಾವನ ಮಗನನ್ನ ದತ್ತು ತಗೊಂಡು, ಆಮೇಲೆ ಅವನನ್ನ ಸನ್ಯಾಸಿ ಮಾಡಿ ಕಳಿಸಿದ್ದ. ಆ ಗಾಯವೂ ಇತ್ತು.

ಕಿಡಿ ಬಿದ್ದದ್ದು ಹತಾಕೆಯಾಮಾ ಜಗಳದಿಂದ. 1466ರ ಕೊನೆಯಲ್ಲಿ ಯೋಶಿನಾರಿ ಸೈನ್ಯದೊಂದಿಗೆ ಕ್ಯೋಟೊಗೆ ನುಗ್ಗಿದ, ಸೋಝೆನ್ ಅವನ ಬೆನ್ನಿಗೆ. 1467ರ ಹೊಸವರ್ಷಕ್ಕೆ ಯೋಶಿಮಾಸ ಮತ್ತೆ ತಿರುಗಿದ. ಕಾನ್ರೇಯಿ ಮಾಸಾನಾಗಾನನ್ನ ಹುದ್ದೆಯಿಂದ ತೆಗೆದು ಯೋಶಿನಾರಿಯನ್ನ ಆದರಿಸಿದ. ಮಾಸಾನಾಗಾ ತನ್ನ ಮನೆಗೆ ತಾನೇ ಬೆಂಕಿ ಇಟ್ಟು ಕಾಮಿಗೋರ್ಯೋ ದೇಗುಲದ ಕಾಡಿನಲ್ಲಿ ಸೈನ್ಯ ನಿಲ್ಲಿಸಿದ. "ಅವರಿಬ್ಬರ ನಡುವೆ ಯಾರೂ ತಲೆ ಹಾಕಬೇಡಿ" ಅಂತ ಶೋಗನ್ ಆಜ್ಞೆ. ಕಾತ್ಸುಮೊತೊ ಪಾಲಿಸಿದ, ತನ್ನವನಾದ ಮಾಸಾನಾಗಾನಿಗೆ ನೆರವು ಕೊಡಲಿಲ್ಲ. ಸೋಝೆನ್ ಪಾಲಿಸಲಿಲ್ಲ, ಯೋಶಿನಾರಿಗೆ ಸಹಾಯ ಮಾಡಿದ. ಮಾಸಾನಾಗಾ ಸೋತ. ಆಜ್ಞೆ ಪಾಲಿಸಿದವನಿಗೆ ಅವಮಾನ, ಮುರಿದವನಿಗೆ ಗೆಲುವು. ನಾಲ್ಕು ತಿಂಗಳ ನಂತರ ಕಾತ್ಸುಮೊತೊ ಸೈನ್ಯ ಸೇರಿಸಿ ತಿರುಗಿ ಬಿದ್ದ. ಅದೇ ಓನಿನ್ ಯುದ್ಧ.

ಶೋಗನ್ ಅರಮನೆಯ ಸುತ್ತ ಕಾತ್ಸುಮೊತೊನ ಪೂರ್ವ ಸೈನ್ಯ, ಸ್ವಲ್ಪ ದೂರದಲ್ಲಿ ಸೋಝೆನ್‌ನ ಪಶ್ಚಿಮ ಸೈನ್ಯ. ಮುಖ್ಯ ಸರದಾರರ ಬಂಗಲೆಗಳೆಲ್ಲ ರಾಜಧಾನಿಯಲ್ಲೇ ಇದ್ದದ್ದರಿಂದ ಯುದ್ಧಭೂಮಿಯೂ ಊರ ಬೀದಿಗಳೇ. ಪಶ್ಚಿಮ ಸೈನ್ಯ ಬೀಡುಬಿಟ್ಟ ಜಾಗಕ್ಕೆ ನಿಶಿಜಿನ್, ಅಂದ್ರೆ ಪಶ್ಚಿಮದ ಶಿಬಿರ, ಅಂತ ಹೆಸರು ಉಳೀತು. ಯುದ್ಧ ಮುಗಿದ ಮೇಲೆ ನೇಕಾರರು ಬಂದು ಅಲ್ಲಿ ನೆಲೆಸಿದರು. ಇವತ್ತಿಗೂ ನಿಶಿಜಿನ್ ರೇಷ್ಮೆ ಪ್ರಸಿದ್ಧ.

ಈಗ ಮುಖ್ಯ ಸಾಕ್ಷಿ. ತಮ್ಮ ಯೋಶಿಮಿ ಮೊದಲು ಪೂರ್ವ ಪಕ್ಷದಲ್ಲೇ ಇದ್ದ. ಅಲ್ಲಿ ನಿಲ್ಲೋಕಾಗದೆ 1467ರಲ್ಲೇ ಇಸೆ ಪ್ರಾಂತ್ಯಕ್ಕೆ ಹೋದ. ಅಣ್ಣ ಕರೆದ ಅಂತ 1468ರಲ್ಲಿ ವಾಪಸ್ ಬಂದ. ಬಂದು ನೋಡಿದ್ರೆ ತನ್ನನ್ನ ಕೊಲ್ಲಿ ಅಂದಿದ್ದ ಸಾದಾಚಿಕಾನನ್ನ ಅಣ್ಣ ಮತ್ತೆ ಆಸ್ಥಾನಕ್ಕೆ ಕರೆಸಿಕೊಂಡಿದ್ದ. ಯೋಶಿಮಿ ಹಿಯೇ ಬೆಟ್ಟಕ್ಕೆ ಓಡಿ, ಅಲ್ಲಿಂದ ಸೀದಾ ಸೋಝೆನ್‌ನ ಪಶ್ಚಿಮ ಸೈನ್ಯ ಸೇರಿದ. ಅವರು ಅವನನ್ನೇ ಶೋಗನ್ ಥರ ಕೂರಿಸಿಕೊಂಡರು. ಒಂದು ಕ್ಲಸ್ಟರಲ್ಲಿ ಎರಡು ನೋಡ್‌ಗಳೂ ತಾನೇ ಪ್ರೈಮರಿ ಅಂದ್ಕೊಳ್ಳೋದಕ್ಕೆ ನಾವು ಸ್ಪ್ಲಿಟ್ ಬ್ರೈನ್ ಅಂತೀವಲ್ಲ, ಅದೇ. ಒಂದೇ ಊರಲ್ಲಿ ಎರಡು ಸರ್ಕಾರ. ಮಗ ಯೋಶಿಹಿಸ ಕಾತ್ಸುಮೊತೊನ ಪೂರ್ವದಲ್ಲಿ, ಚಿಕ್ಕಪ್ಪ ಯೋಶಿಮಿ ಸೋಝೆನ್‌ನ ಪಶ್ಚಿಮದಲ್ಲಿ. ನಾನು ಹೇಳಿದ್ದ ಕಥೆಗೆ ಪೂರ್ತಿ ಉಲ್ಟಾ!

ಪಟ್ಟಕ್ಕಾಗಿಯೇ ಯುದ್ಧ ಆಗಿದ್ರೆ, ಅಭ್ಯರ್ಥಿಗಳು ಹೀಗೆ ಅದಲು ಬದಲಾದಾಗ ಯುದ್ಧ ನಿಲ್ಲಬೇಕಿತ್ತು. ನಿಲ್ಲಲಿಲ್ಲ. 1473ರಲ್ಲಿ ಸೋಝೆನ್ ಸತ್ತ, ಎರಡು ತಿಂಗಳಲ್ಲಿ ಕಾತ್ಸುಮೊತೊನೂ ಸತ್ತ. ಅದೇ ವರ್ಷದ ಕೊನೆಯಲ್ಲಿ ಯೋಶಿಮಾಸ ಎಂಟು ವರ್ಷದ ಮಗನಿಗೆ ಪಟ್ಟ ಕೊಟ್ಟ. ಉತ್ತರಾಧಿಕಾರದ ಪ್ರಶ್ನೆ ಮುಗೀತು. 1474ರಲ್ಲಿ ಹೊಸೊಕಾವಾ, ಯಾಮಾನಾ ಮನೆಗಳು ಸಂಧಿಯನ್ನೂ ಮಾಡಿಕೊಂಡವು. ಆದ್ರೂ ಯುದ್ಧ 1477ರ ತನಕ ನಡೀತು. ಯಾಕಂದ್ರೆ ಹತಾಕೆಯಾಮಾ ದಾಯಾದಿಗಳ ಲೆಕ್ಕ ಚುಕ್ತಾ ಆಗಿರಲಿಲ್ಲ, ಪಶ್ಚಿಮದ ದೊಡ್ಡ ಸರದಾರ ಓಉಚಿ ಮಾಸಾಹಿರೊಗೆ ಬೇಕಾದ್ದು ಸಿಕ್ಕಿರಲಿಲ್ಲ. 1477ರಲ್ಲಿ ಅವನು ಗಂಟುಮೂಟೆ ಕಟ್ಟಿ ಊರಿಗೆ ಹೊರಟಾಗ ಯುದ್ಧ ಮುಗೀತು. ಗೆದ್ದವರು ಯಾರೂ ಇಲ್ಲ.

ಬೆಲೆ ತೆತ್ತವರು

ಊರಿನ ಉತ್ತರ ಭಾಗ ಬಹುಪಾಲು ಬೂದಿ. ಶೋಕೊಕುಜಿ, ತೆನ್ರ್ಯೂಜಿ, ಕಿಯೊಮಿಜು ಥರದ ದೊಡ್ಡ ದೇವಾಲಯಗಳು ಸುಟ್ಟವು. 'ಆಶಿಗಾರು' ಅನ್ನೋ ಕಾಲಾಳುಗಳು, ಹೆಚ್ಚಿನವರು ಬರದಲ್ಲಿ ಊರು ಬಿಟ್ಟು ಬಂದ ಬಡವರು, ಸಂಬಳದ ಬದಲು ಲೂಟಿಯಲ್ಲಿ ಹೊಟ್ಟೆ ಹೊರೆದರು. ಪ್ರಸಿದ್ಧ ಗಿಯೋನ್ ಜಾತ್ರೆ 1467ರಲ್ಲಿ ನಿಂತಿದ್ದು ಮತ್ತೆ ನಡೆದದ್ದು 1500ರಲ್ಲಿ. ಸರದಾರರು ರಾಜಧಾನಿಯಲ್ಲಿ ಹೊಡೆದಾಡ್ತಿದ್ರೆ, ಊರಲ್ಲಿ ಅವರ ಪ್ರತಿನಿಧಿಗಳು ಪ್ರಾಂತ್ಯವನ್ನೇ ನುಂಗಿದರು. ಜಪಾನಿನ ನೂರು ವರ್ಷಗಳ ಕಾಳಗದ ಯುಗ ಹೀಗೆ ಶುರುವಾಯ್ತು.

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇಲ್ಲಿದೆ. ಯುದ್ಧ ಮುಗಿದರೂ ಹತಾಕೆಯಾಮಾ ದಾಯಾದಿಗಳು ಕ್ಯೋಟೊದ ದಕ್ಷಿಣದ ಯಾಮಾಶಿರೊ ಪ್ರಾಂತ್ಯದಲ್ಲಿ ಹೊಡೆದಾಡ್ತಾನೇ ಇದ್ರು. 1485ರಲ್ಲಿ ಅಲ್ಲಿನ ರೈತರು, ಸಣ್ಣಪುಟ್ಟ ಸಮುರಾಯ್‌ಗಳು ಸಭೆ ಸೇರಿ ಎರಡೂ ಸೈನ್ಯಗಳಿಗೆ ಹೇಳಿದ್ರು: ಇಬ್ಬರೂ ಜಾಗ ಖಾಲಿ ಮಾಡಿ. ಇಬ್ಬರೂ ಹೋದರು! ಮರುವರ್ಷ ಉಜಿಯ ಬ್ಯೋದೋಯಿನ್ ದೇವಾಲಯದಲ್ಲಿ ಸೇರಿ ತಮ್ಮದೇ ನಿಯಮ ಬರೆದುಕೊಂಡರು. ಸುಮಾರು ಎಂಟು ವರ್ಷ ಅವರೇ ಆ ನಾಡನ್ನ ನಡೆಸಿದರು. ಮುವ್ವತ್ತು ವರ್ಷದಿಂದ ಶೋಗನ್ ಬಗೆಹರಿಸದ ದಾಯಾದಿ ಜಗಳವನ್ನ ಜನ ತಮ್ಮ ಊರಿನಿಂದ ಹೊರಗೆ ಹಾಕಿದರು.

ತೊಮಿಕೊ ಪಾಲು ಎಷ್ಟು

ತೊಮಿಕೊ ಅಮಾಯಕಿ ಅಂತ ನಾನು ಹೇಳ್ತಿಲ್ಲ. ಯುದ್ಧದ ನಡುವೆ ಸರದಾರರಿಗೆ ಬಡ್ಡಿಗೆ ಸಾಲ ಕೊಟ್ಟಳು. ಕ್ಯೋಟೊದ ಪ್ರವೇಶದ್ವಾರಗಳಲ್ಲಿ ಸುಂಕದ ಕಟ್ಟೆ ಇಡಿಸಿದಳು. 1480ರಲ್ಲಿ ಜನ ದಂಗೆ ಎದ್ದು ಅವನ್ನ ಒಡೆದುಹಾಕಿದರು. ದುಡ್ಡು ಮಾಡಿದ್ದು ಖಂಡಿತ. ಅದೇ ಹೊತ್ತಿಗೆ, ಗಂಡ ಕೈಚೆಲ್ಲಿ ಕೂತಾಗ ಬರಿದಾದ ಖಜಾನೆಯನ್ನ ನಡೆಸಿದ್ದೂ ಅವಳೇ.

ಆದ್ರೆ ಯುದ್ಧಕ್ಕೆ ಅವಳೇ ಕಾರಣ ಅನ್ನೋ ಮಾತು ಬಂದದ್ದು ಮುಖ್ಯವಾಗಿ ನಂತರ ಬರೆದ ಓನಿನ್‌ಕಿಯಿಂದ. ಅವಳು ಮೈದುನನನ್ನ ಅಷ್ಟು ದ್ವೇಷಿಸ್ತಿದ್ದಳು ಅನ್ನೋದಾದ್ರೆ ಮುಂದೆ ಆದದ್ದನ್ನ ಹೇಗೆ ವಿವರಿಸ್ತೀರಿ? ಮಗ ಯೋಶಿಹಿಸ 1489ರಲ್ಲಿ ಓಮಿ ಪ್ರಾಂತ್ಯದ ಯುದ್ಧ ಶಿಬಿರದಲ್ಲಿ ತೀರಿಕೊಂಡ, ಇನ್ನೂ 23 ವರ್ಷ. ಮಕ್ಕಳಿರಲಿಲ್ಲ. ಮರುವರ್ಷ ಹತ್ತನೇ ಶೋಗನ್ ಆದದ್ದು ಯೋಶಿತಾನೆ, ಅಂದ್ರೆ ಯೋಶಿಮಿಯ ಮಗ! ಅವನನ್ನ ಬೆಂಬಲಿಸಿದ್ದು ತೊಮಿಕೊ. ಯೋಶಿತಾನೆಯ ತಾಯಿ ಅವಳ ಸ್ವಂತ ತಂಗಿ. ಮೂರು ವರ್ಷಕ್ಕೆ, 1493ರಲ್ಲಿ, ಕಾತ್ಸುಮೊತೊನ ಮಗ ಅವನನ್ನ ಇಳಿಸಿದಾಗ ತೊಮಿಕೊ ಆ ಕಡೆಗೂ ಕೈ ಜೋಡಿಸಿದಳು ಅನ್ನೋದೂ ನಿಜ. ಅಂದ್ರೆ ಆ ಕಾಲದ ಎಲ್ಲ ಗಂಡಸರು ಆಡಿದ ರಾಜಕೀಯವನ್ನೇ ಅವಳೂ ಆಡಿದಳು. ಉಳಿದವರ ಹೆಸರು ಇತಿಹಾಸದಲ್ಲಿ ಸರದಾರರು ಅಂತ ಉಳೀತು, ಅವಳ ಹೆಸರು ಮನೆಹಾಳಿ ಅಂತ ಉಳೀತು.

ಇದನ್ನ ಓದುವಾಗ ನನಗೆ ನಮ್ಮ ಕಡೆಯ ಪಾಲು ಪಾರಿಕತ್ತಿನ ಕಥೆಗಳು ನೆನಪಾದವು. ಅಪ್ಪ ಇಪ್ಪತ್ತು ವರ್ಷ ಒಬ್ಬೊಬ್ಬ ಮಗನಿಗೆ ಒಂದೊಂದು ಮಾತು ಹೇಳ್ತಾ ಬಂದಿರ್ತಾರೆ, ಕಾಗದದ ಮೇಲೆ ಏನೂ ಇರಲ್ಲ. ಕೊನೆಗೆ ಮನೆ ಒಡೆದಾಗ ಊರವರು ಹೇಳೋದು ಒಂದೇ: "ಸೊಸೆ ಬಂದಮೇಲೆ ಹಿಂಗಾಯ್ತು ನೋಡಿ." ನಾನೂ ಯೋಚನೆ ಮಾಡದೇ ಅವತ್ತು ಆಡಿದ್ದು ಇದೇ ಮಾತು.

ಬೆಳ್ಳಿ ಇಲ್ಲದ ಬೆಳ್ಳಿ ಮಂಟಪ

ಕೊನೆಗೆ ಗಿಂಕಾಕುಜಿಗೆ ಬರೋಣ. 1482ರಲ್ಲಿ, ಊರಿನ್ನೂ ಚೇತರಿಸಿಕೊಳ್ತಿರುವಾಗ, ಯೋಶಿಮಾಸ ಪೂರ್ವದ ಬೆಟ್ಟದ ಬುಡದಲ್ಲಿ ನಿವೃತ್ತಿಯ ಮನೆ ಕಟ್ಟಿಸೋಕೆ ಶುರು ಮಾಡಿದ. ಜಪಾನಿನ ಟೀ ಸಂಸ್ಕೃತಿ, ಹೂ ಜೋಡಣೆ, ಶಾಯಿಯ ಚಿತ್ರ, ಕಲ್ಲು-ಮರಳಿನ ತೋಟ ಇವಕ್ಕೆಲ್ಲ ಅವನ ಸುತ್ತ ಸೇರಿದ ಕಲಾವಿದರಿಂದ ದೊಡ್ಡ ಪೋಷಣೆ ಸಿಕ್ಕಿತು. ಅಲ್ಲಿ ತೋಗುದೋ ಅನ್ನೋ ಕಟ್ಟಡದಲ್ಲಿ ನಾಲ್ಕೂವರೆ ಚಾಪೆ ಅಳತೆಯ ಒಂದು ಪುಟ್ಟ ಕೋಣೆ ಇದೆ. ನಾವು ಇವತ್ತು 'ಜಪಾನೀ ಮನೆ' ಅಂತ ಫೋಟೋದಲ್ಲಿ ನೋಡೋ ಕೋಣೆಗಳ ಮೂಲರೂಪ ಅದು. ಮನುಷ್ಯನಿಗೆ ಸೌಂದರ್ಯದ ಕಣ್ಣಿತ್ತು, ಅದರಲ್ಲಿ ಎರಡು ಮಾತಿಲ್ಲ.

'ಬೆಳ್ಳಿ ಮಂಟಪ' ಅಂತ ಹೆಸರಾದ ಕಟ್ಟಡ ಪೂರ್ತಿ ಮುಗಿಯೋ ಮೊದಲೇ, 1490ರ ಜನವರಿಯಲ್ಲಿ ಯೋಶಿಮಾಸ ತೀರಿಕೊಂಡ. ಅದಕ್ಕೆ ಬೆಳ್ಳಿ ಹೊದಿಸಲೇ ಇಲ್ಲ.

ಅವತ್ತಿನ ವಿಡಿಯೋದಲ್ಲಿ ನಾನು ಹೇಳದೇ ಹೋದ ಒಂದು ವಿಷಯ ಇದೆ. ಆ ಮನೆ ಕಟ್ಟಿದ ಜಾಗ ಖಾಲಿ ಬಯಲಾಗಿರಲಿಲ್ಲ. ಯುದ್ಧದಲ್ಲಿ ಸುಟ್ಟುಹೋದ ಒಂದು ಮಠದ ಜಾಗ ಅದು. ಮಠದ ಹೆಸರು ಜೋದೋಜಿ. ಹೌದು, ತಮ್ಮ ಯೋಶಿಮಿ ಸನ್ಯಾಸಿಯಾಗಿ ನೆಮ್ಮದಿಯಿಂದ ಇದ್ದ, "ನಾನು ಬರಲ್ಲ" ಅಂದಿದ್ದ, ಅಣ್ಣ ಮಾತು ಕೊಟ್ಟು ಹೊರಗೆ ಕರೆದ ಅದೇ ಮಠ. ಕ್ಯೋಟೊಗೆ ಹೋಗೋ ಪ್ಲಾನ್ ಇದ್ರೆ ಆ ತೋಟದಲ್ಲಿ ನಿಂತಾಗ ಇದನ್ನ ಒಮ್ಮೆ ನೆನಪು ಮಾಡ್ಕೊಳ್ಳಿ.

ಹಾಗಾದ್ರೆ ನನ್ನ ಹಳೇ ಮಾತಿನ ತಿದ್ದುಪಡಿ ಇಷ್ಟು: ಯೋಶಿಮಾಸ ಹೆಂಡತಿ ಮಾತು ಕೇಳಿದ್ದರಿಂದ ಯುದ್ಧ ಆಗಲಿಲ್ಲ. ಇಪ್ಪತ್ತು ವರ್ಷ ಕೊನೆಗೆ ಬಂದವರ ಮಾತನ್ನೆಲ್ಲ ಕೇಳುತ್ತಾ, ತನ್ನ ತೀರ್ಪಿಗೆ ಬೆಲೆಯೇ ಇಲ್ಲದ ಹಾಗೆ ಮಾಡಿಕೊಂಡಿದ್ದರಿಂದ ಆಯ್ತು. ತಮ್ಮನಿಗೆ ಕೊಟ್ಟ ಮಾತು ಅದರಲ್ಲಿ ಒಂದು, ಅಷ್ಟೇ.

ಮುಂದಿನ ವಾರ ಸಿಗೋಣ.